ಖಾರಕ್ಕೆ ಕೊಟ್ಟ ನೂಲು

ಸವಣೂರಿನಲ್ಲಿ ಇನ್ನೂ ನವಾಬರ ಆಳ್ವಿಕೆ ಇದ್ದ ದಿನಗಳವು. ಎಲೆತೋಟಕ್ಕೆ ಆಗ ಯಾರೂ ಚಪ್ಪಲಿ ಮೆಟ್ಟಿ ಹೋಗುತ್ತಿರಲಿಲ್ಲ. ಬೇಲಿಯ ಹೊರಗೇ ಬಿಟ್ಟು, ಕಾಲು ತೊಳೆದು ಒಳಗೆ ಹೋದರೆ ಹಸಿ ಮಣ್ಣಿನ ವಾಸನೆಯೂ ವೀಳ್ಯದೆಲೆಯ ಖಾರದ ಕಂಪೂ ಒಟ್ಟಿಗೇ ಮೂಗಿಗೆ ಬರುತ್ತಿದ್ದವು. ಮುಂದೆ ನಾನು ನಲವತ್ತು ವರ್ಷ ಅದೇ ಎಲೆ ಮಾರಿ ಬದುಕಿದೆ. ಕಟ್ಟಿನ ಮೇಲಿನ ನಾಲ್ಕು ಎಲೆ ನೋಡಿ ದರ ಒಪ್ಪಬೇಡಿ, ನಡುವೆ ಕೈ ಹಾಕಿ ನೋಡಿ. ಈ ಬುದ್ಧಿಮಾತು ನನ್ನಿಂದ ಪುಕ್ಕಟೆ ಇರಲಿ. ಆದರೆ ನನ್ನ ಮೊದಲ ವ್ಯಾಪಾರ ಎಲೆಯದಲ್ಲ, ನೂಲಿನದು. ಅದರಲ್ಲಾದಂಥ ಲುಕ್ಸಾನು ನನಗೆ ಮತ್ತೆಂದೂ ಆಗಲಿಲ್ಲ.

ಅಪ್ಪ ಇಷ್ಟಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಶಿವದಾರದಿಂದ ಕೊರಳಿಗೆ ಕಟ್ಟಿಕೊಂಡಿರುತ್ತಿದ್ದ. ಬೆಳಿಗ್ಗೆ ಅದನ್ನು ಎಡ ಅಂಗೈ ಮೇಲಿಟ್ಟು ಪೂಜಿಸದೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ಗಿರಾಕಿ ಬಂದರೆ ಕಾಯಬೇಕು. ಕಾಯದೆ ಹೋದವರೂ ಇದ್ದರು. ಅಪ್ಪ ಕಣ್ಣು ತೆರೆಯುತ್ತಿರಲಿಲ್ಲ.

ನಾನಾಗ ಸಣ್ಣ ಹುಡುಗಿ. ನಮ್ಮ ಎಲೆತೋಟದಲ್ಲಿ ಅದು ಬಳ್ಳಿ ಇಳಿಸುವ ಕಾಲ. ಎತ್ತರಕ್ಕೆ ಹಬ್ಬಿದ ಎಲೆಬಳ್ಳಿಯನ್ನು ಗಿಡದಿಂದ ಬಿಡಿಸಿ, ಕೆಳಗಿನ ದಂಟನ್ನು ಸುರುಳಿ ಸುತ್ತಿ ಮಣ್ಣಲ್ಲಿ ಹೂಳಿ, ತುದಿಯನ್ನು ಮತ್ತೆ ಗಿಡಕ್ಕೆ ಕಟ್ಟುವ ಕೆಲಸ. ದಿನವೆಲ್ಲ ಬಗ್ಗಿಯೇ ಇರಬೇಕು. ಅಪ್ಪನ ಶಿವದಾರ ಸವೆದಿದ್ದನ್ನು ಕಂಡು ಅವ್ವ ನನ್ನ ಕೈಗೆ ಒಂದು ಲಡಿ ನೂಲು ಕೊಟ್ಟು, ಹೊಸ ದಾರ ಹೊಸೆದುಕೊಡಲು ಹೇಳಿದಳು. ನಾನು ಆ ಲಡಿಯನ್ನು, ಸೇವು–ಕಡಲೆ ಬೆರೆಸಿದ ಖಾರ ಮಾರುವ ಮುದುಕಿಯ ಮುಂದಿಟ್ಟೆ.

"ಒಂದ ಹಿಡಿ ಬರತೈತಿ, ತಗೊ," ಎಂದಳು ಅವಳು.

"ಎರಡ ಹಿಡಿ ಕೊಡು. ಇಲ್ಲಂದ್ರ ನನ್ನ ನೂಲು ನನಗ ಕೊಡು."

"ನಿನ್ನ ಕಟಗೊಂಡಾವನ ಗತಿ ಏನವಾ," ಎನ್ನುತ್ತ ಮುದುಕಿ ಎರಡು ಹಿಡಿ ಸುರಿದಳು. ಬಿಸಿ ಖಾರ, ಕರಿಬೇವಿನ ಘಮ. ಒಬ್ಬಳೇ ಕುಳಿತು ತಿಂದೆ. ಅವ್ವ ಕೇಳಿದಾಗಲೆಲ್ಲ "ನಾಳೆ ಹೊಸೀತೇನಿ" ಎಂದೆ.

ಮೂರನೆಯ ದಿನ ಸಂಜೆ ಅಪ್ಪ ಮೈ ತೊಳೆಯಲು ಅಂಗಿ ಬಿಚ್ಚಿದಾಗ ಕೊರಳು ಬರಿದಾಗಿತ್ತು; ಸವೆದ ದಾರ ಹರಿದು ಲಿಂಗ ತೋಟದ ಮಣ್ಣಲ್ಲೆಲ್ಲೋ ಬಿದ್ದಿತ್ತು. ಅಂದು ಉಣ್ಣಲಿಲ್ಲ. ಮರುದಿನ ನೀರೂ ಮುಟ್ಟಲಿಲ್ಲ. ಲಿಂಗವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಅನ್ನವಿಲ್ಲ.

"ಮಠದ ಅಯ್ಯನವರ ಕಡೆ ಬ್ಯಾರೇದು ಕಟ್ಟಿಸ್ಕೊಳ್ರಿ," ಎಂದಳು ಅವ್ವ.

"ಇದ್ದದ್ದನ್ನ ಮಣ್ಣಾಗ ಬಿಟ್ಟು ಇನ್ನೊಂದು ಹೆಂಗ ಬೇಡ್ಲಿ?"

"ಹಂಗಾರ ಸಾಲು ಅಗಸ್ರಿ."

"ತ್ವಾಟಾ ಎಲ್ಲಾ ಅಗದ್ರ ಬಳ್ಳಿ ಉಳಿತಾವೇನು? ನನ್ನ ಸಲುವಾಗಿ ಅವು ಯಾಕ ಸಾಯಬೇಕು?"

ಅದರ ಮರುದಿನ ಬೆಳಿಗ್ಗೆ ಅಪ್ಪನ ತುಟಿ ಒಡೆದಿತ್ತು. ಎದ್ದು ನಿಂತವನು ಗೋಡೆ ಹಿಡಿದ. ನನಗೆ ಹೆದರಿಕೆಯಾಗಿ ಒಂದು ಉಪಾಯ ಮಾಡಿದೆ. ನನ್ನ ಕೊರಳಲ್ಲೂ ಲಿಂಗವಿತ್ತಲ್ಲ. ಅದೂ ಕರಿದು, ಅದೂ ಅಷ್ಟೇ ದೊಡ್ಡದು. ಬಿಚ್ಚಿ, ಸ್ವಲ್ಪ ಮಣ್ಣು ಸವರಿ ಅಪ್ಪನಿಗೆ ಕೊಟ್ಟೆ.

"ಕಾಲುವಿ ಬದುವಿನ್ಯಾಗ ಸಿಕ್ತಪಾ."

ಅಪ್ಪ ಅದನ್ನು ಎಡ ಅಂಗೈ ಮೇಲಿಟ್ಟುಕೊಂಡ. ನೋಡಲೂ ಇಲ್ಲ, ಕಣ್ಣು ಮುಚ್ಚಿದ; ಅಂಗೈಗೇ ತಿಳಿದುಹೋಯಿತು. ಆಮೇಲೆ ತೊಳೆದು ತಂದು ನನ್ನ ಕೊರಳಿಗೇ ಕಟ್ಟಿದ.

"ಇದು ನಿಂದವಾ, ತಂಗಿ."

"ದೇವ್ರೆಲ್ಲಾ ಒಂದ ಅಂತಿದ್ದೆಲ್ಲಪಾ?"

"ಒಂದ, ಖರೆ. ಆದ್ರ ಇದು ನಿನ್ನ ನಂಬಿ ಬಂದದ್ದು. ನಿನ್ನ ಪಾಲಿಂದು ಕಸಗೊಂಡು ನಾ ಹೆಂಗ ಉಣ್ಣಲಿ?"

ಬೈದಿದ್ದರೆ ಸುಮ್ಮನಿರುತ್ತಿದ್ದೆನೇನೋ. ಅಳುತ್ತ ಹೇಳಿಬಿಟ್ಟೆ: "ನೂಲು ನಾ ಖಾರಕ್ಕ ಕೊಟ್ನಿ."

ಅವ್ವ ಕೈ ಎತ್ತಿದಳು. ಅಪ್ಪ ತಡೆದು ಕೇಳಿದ: "ಲಿಂಗ ಕಳದ ದಿನ ನೀ ತ್ವಾಟಕ್ಕ ಮಜ್ಜಿಗಿ ತಂದಿದ್ದೆಲ್ಲಾ, ಆವಾಗ ನನ್ನ ಕೊಳ್ಳಾಗ ಇತ್ತೇನು?"

ಇತ್ತು. ತಪ್ಪು ಮಾಡಿದ್ದ ನಾನು ಆ ದಾರವನ್ನೇ ನೋಡುತ್ತ ನಿಂತಿದ್ದೆ. "ಇತ್ತಪಾ. ನೀ ಬೇವಿನ ಗಿಡದ ಸಾಲಿನಾಗ ಇದ್ದಿ."

ಅಂದರೆ ಅದಾದ ಮೇಲೆ ಅಪ್ಪ ಇಳಿಸಿದ್ದು ಎರಡೇ ಸಾಲು. ಹೇಳಿದ್ದರೆ ಮೊದಲ ದಿನವೇ ಮುಗಿಯುವ ಕೆಲಸ. ನೂಲಿನ ಮಾತು ಹೊರಬೀಳುತ್ತದೆಂದು ನಾನು ಬಾಯಿ ಬಿಟ್ಟಿರಲಿಲ್ಲ.

ಪಕ್ಕದ ತೋಟದ ಮಕ್ತುಮ ಕಾಕಾ ಅಪ್ಪನನ್ನು ನೋಡಲು ಬಂದವನು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ನೀ ಕುಂಡ್ರು ಬಸಣ್ಣ," ಎಂದು ಅಪ್ಪನನ್ನು ಕೂರಿಸಿ, ನನ್ನನ್ನು ಕರೆದುಕೊಂಡು ತೋಟಕ್ಕೆ ಹೊರಟ. ಗುದ್ದಲಿ ಮುಟ್ಟಲಿಲ್ಲ. ಮಂಡಿಯೂರಿ, ಬೇರು ಹರಿಯದಂತೆ ಬೆರಳಿನಿಂದಲೇ ಮಣ್ಣು ಸರಿಸುತ್ತ ಹೋದ. ಎರಡನೆಯ ಸಾಲಿನ ನಡುವೆ ಬಿಳಿ ವಸ್ತ್ರದ ಅಂಚು ಕಂಡಿತು. ನಾನು ಕೈ ಚಾಚಿದರೆ ತಡೆದ.

"ನಾನೂ ಮುಟ್ಟೂದಿಲ್ಲ, ನೀನೂ ಮುಟ್ಟಬ್ಯಾಡ. ನಿಮ್ಮಪ್ಪನ ಕೈನ ಬೇಕು. ಓಡು."

ಅಪ್ಪ ನನ್ನ ಹೆಗಲು ಹಿಡಿದು ಬರುವಷ್ಟರಲ್ಲಿ ಕಾಕಾ ಅದರ ಮೇಲೆ ಎಲೆಬುಟ್ಟಿ ಡಬ್ಬು ಹಾಕಿ, ಬಿಸಿಲಲ್ಲಿ ಪಕ್ಕಕ್ಕೆ ಕಾವಲು ಕುಳಿತಿದ್ದ.

"ನಿನ್ನ ದೇವ್ರನ್ನ ಕಾಯ್ದ ಕೂಲಿ ಕೊಡು, ಬಸಣ್ಣ."

"ಏನ ಬೇಕು?"

"ಎರಡ ಹಿಡಿ ಖಾರ," ಎಂದು ಕಾಕಾ ನನ್ನ ಕಡೆ ನೋಡಿದ. ಒಡೆದ ತುಟಿಯಲ್ಲೇ ಅಪ್ಪ ನಕ್ಕ. ಬುಟ್ಟಿ ಎತ್ತಿ, ಲಿಂಗವನ್ನು ತೆಗೆದು ಎಡ ಅಂಗೈಗೆ ಇಟ್ಟುಕೊಂಡು ಅಲ್ಲೇ ಪೂಜೆಗೆ ಕುಳಿತ. ಪೂಜೆ ಮುಗಿದ ಮೇಲೆ ಅವ್ವ ಅಂಬಲಿ ತಂದರೆ, "ಮೊದಲ ಮಕ್ತುಮಗ ಕೊಡು" ಎಂದ.

ಅಂದಿನಿಂದ ಅಪ್ಪನ ದಾರ ಹೊಸೆದವಳು ನಾನೇ. ಅವನು ತೀರಿದಾಗ ಪದ್ಧತಿಯಂತೆ ಲಿಂಗವನ್ನು ಅವನ ಎಡಗೈಯಲ್ಲಿಟ್ಟೇ ಮಣ್ಣು ಮಾಡಿದೆವು. ಅಷ್ಟರಲ್ಲಿ ಮಕ್ತುಮ ಕಾಕಾನೂ ಇರಲಿಲ್ಲ. ಈಗ ಆ ಎಲೆತೋಟದ ಜಾಗದಲ್ಲಿ ಮನೆಗಳಾಗಿವೆ, ಎಲ್ಲರೂ ಚಪ್ಪಲಿ ಮೆಟ್ಟಿಯೇ ಓಡಾಡುತ್ತಾರೆ.

ಎಲೆಯ ಕಟ್ಟು ಎತ್ತಿದರೆ ಹತ್ತು ಎಲೆ ಕಡಿಮೆ ಇದ್ದರೂ ನನ್ನ ಕೈಗೆ ತಿಳಿಯುತ್ತದೆ ಎಂದು ಪೇಟೆಯಲ್ಲಿ ಹೆಸರು ಮಾಡಿದವಳು ನಾನು. ಮೊನ್ನೆ ಸೊಸೆಯ ಲಿಂಗವನ್ನೂ ನನ್ನದನ್ನೂ ಪಕ್ಕಪಕ್ಕದಲ್ಲಿಟ್ಟು, ಅಪ್ಪನಂತೆ ಕಣ್ಣು ಮುಚ್ಚಿ ಒಂದೊಂದಾಗಿ ಎಡ ಅಂಗೈಗೆ ಹಾಕಿಸಿಕೊಂಡೆ.

ಯಾವುದು ನನ್ನದೆಂದು ತಿಳಿಯಲಿಲ್ಲ.