ಅಪ್ಪನ ಪಿಸ್ತೂಲು ನನ್ನ ಹೆಸರಿಗಾದ ವರ್ಷ

ಅಪ್ಪನ ದಿನಕರ್ಮ ಮುಗಿದ ಮರುವಾರವೇ ಠಾಣೆಯಿಂದ ಫೋನು ಬಂತು. ಲೈಸೆನ್ಸು ಇದ್ದವರೇ ಇಲ್ಲವೆಂದ ಮೇಲೆ ಪಿಸ್ತೂಲು ಮನೆಯಲ್ಲಿ ಇರುವಂತಿಲ್ಲ, ತಂದು ಒಪ್ಪಿಸಿ, ವಾರಸುದಾರರ ಹೆಸರಿಗೆ ಲೈಸೆನ್ಸಾದರೆ ಮರಳಿ ಒಯ್ಯಬಹುದು ಎಂದರು. ವಾರಸುದಾರಳೆಂದರೆ ನಾನೊಬ್ಬಳೇ ಮಗಳು.

"ಹೋದ್ರ ಹೋಗ್ಲಿ ಬಿಡು, ಪೀಡಾ ಹೋತು," ಅಂದಳು ಅವ್ವ. "ಹೆಣ್ಮಗಳು ಸೊಂಟಕ್ಕ ಪಿಸ್ತೂಲ್ ಕಟ್ಕೊಂಡು ಯಾರನ್ನ ಹೊಡ್ಯಾಕಿ ಅದೀ?"

ನನಗೆ ಸಿಟ್ಟು ನೆತ್ತಿಗೇರಿತು. ಯಾರನ್ನು ಹೊಡೆಯುವ ಮಾತು? ಅಪ್ಪನ ಬಟ್ಟೆಗಳನ್ನು ಆಗಲೇ ಹಂಚಿಬಿಟ್ಟಿದ್ದೆವು. ಉಳಿದದ್ದು ಇದೊಂದೇ. ಚಿಕ್ಕಪಡಸಲಗಿಯ ಹೊಳೆದಂಡೆಯಲ್ಲಿ ನಮ್ಮ ಕಬ್ಬಿನ ತೋಟ, ಒಂಟಿ ಮನೆ. ಭಾನುವಾರ ಮಧ್ಯಾಹ್ನ ಅಪ್ಪ ಹಳೆಯ ಧೋತರದ ತುಂಡು ಹಾಸಿ, ಪಿಸ್ತೂಲು ಬಿಚ್ಚಿ ಒರೆಸುತ್ತ ಕೂಡುತ್ತಿದ್ದ. ನಾನು ಎದುರಿಗೆ ಶೇಂಗಾ ಬೆಲ್ಲ ತಿನ್ನುತ್ತ ಕೂತಿರುತ್ತಿದ್ದೆ. ಎಣ್ಣೆ, ತೊಗಲು, ಅಪ್ಪನ ತಂಬಾಕು ಮೂರೂ ಕೂಡಿ ಒಂದು ವಾಸನೆ. ಮಹಾಲಿಂಗಪುರದ ಪೇಟೆಗೆ ಬೆಲ್ಲ ಒಯ್ಯುವಾಗ ಅದನ್ನು ಸೊಂಟಕ್ಕೆ ಕಟ್ಟಿಕೊಂಡರೆ ಬಸ್‌ಸ್ಟ್ಯಾಂಡಿನ ಮಂದಿ ಎದ್ದು ನಿಂತು ದಾರಿ ಬಿಡುತ್ತಿದ್ದರು. ಎಂದೂ ಒಂದು ಗುಂಡು ಹಾರಿಸಿದವನಲ್ಲ. ಆದರೂ ಏನು ಗತ್ತು!

ಒಂದು ವರ್ಷ ಓಡಾಡಿದೆ. ಜಮಖಂಡಿಯಿಂದ ಬೀಳಗಿ ದಾಟಿ ಜಿಲ್ಲಾ ಕಚೇರಿಗೆ ಎಷ್ಟು ಸಲ ಹೋದೆನೋ, ಕಂಡಕ್ಟರಿಗೆ ನನ್ನ ಮುಖ ಪರಿಚಯವಾಗಿತ್ತು. ತರಬೇತಿಯನ್ನೂ ಮುಗಿಸಿದೆ. ಪೊಲೀಸರ ಪಿಸ್ತೂಲಿನಿಂದ ಹಾರಿಸಿದ ಆರು ಗುಂಡಿನಲ್ಲಿ ಐದು ಮಣ್ಣಿನ ದಿಬ್ಬಕ್ಕೆ ಹೋದವು. "ನಿಮಗ್ಯಾಕ ಬೇಕ್ರಿ ಮೇಡಂ ಇದು?" ಎಂದು ಕೇಳಿದವರಿಗೆಲ್ಲ ಒಂಟಿ ತೋಟ, ಕಾಡುಹಂದಿ ಎಂದೆ. ಸುಳ್ಳಲ್ಲ, ಆದರೆ ಖರೆ ಕಾರಣವೂ ಅದಲ್ಲ. ಅಪ್ಪ ನನಗೆ ಬೇಕಾಗಿದ್ದ, ಅಷ್ಟೇ.

ಕೊನೆಗೆ ಪಿಸ್ತೂಲು ಕೈಗೆ ಬಂದದ್ದು ಮಹಾನವಮಿಯ ಹಿಂದಿನ ದಿನ. ನಾನು ಹಿಗ್ಗಿ ಹೀರೇಕಾಯಿಯಾದೆ. ಖಂಡೆಪೂಜೆಗೆ ಕುಡುಗೋಲು, ಕೊಡಲಿ, ಕುಂಟೆಯ ಸಾಲಿನಲ್ಲಿ ನಡುವೆ ಅದನ್ನಿಟ್ಟೆ. ಅಪ್ಪ ತೊಗಲಿನ ಚೀಲದ ಮೇಲಷ್ಟೇ ಕುಂಕುಮ ಹಚ್ಚುತ್ತಿದ್ದ. ನಾನು ಅದನ್ನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಚೀಲದಿಂದ ತೆಗೆದು ಹಾಲಿನಿಂದ ತೊಳೆದೆ. ಮೂರು ಬೆರಳು ವಿಭೂತಿ ಎಳೆದೆ, ಅರಿಷಿಣ ಕುಂಕುಮ ಧಾರಾಳವಾಗಿ ಏರಿಸಿದೆ, ಕಾಯಿ ಒಡೆದು ನೀರು ಸುರಿದೆ. ಪೂಜೆಗಿಟ್ಟ ಆಯುಧವನ್ನು ಬನ್ನಿ ಮುಡಿಯುವ ತನಕ ಕದಲಿಸಬಾರದು. ಕದಲಿಸಲಿಲ್ಲ.

ಬನ್ನಿ ಹಂಚಿದ ಮೇಲೂ ಒರೆಸದೆ ಹಾಗೇ ಚೀಲಕ್ಕೆ ಹಾಕಿಟ್ಟು ನಾಲ್ಕು ದಿನವಾಗಿತ್ತು. ಚುನಾವಣೆ ಬಂದಿದೆ, ಲೈಸೆನ್ಸಿನ ಆಯುಧಗಳನ್ನೆಲ್ಲ ತಂದು ಒಪ್ಪಿಸಿ ಎಂದು ಠಾಣೆಯವರು ಕರೆದರು. ಅಲ್ಲಿ ಪೇದೆಯೊಬ್ಬ ಗುಂಡು ತುಂಬುವ ಗಾಲಿ ತಿರುವಲು ನೋಡಿದ. ಅಲುಗಲಿಲ್ಲ. ಬಗ್ಗಿಸಿದರೆ ನಳಿಗೆಯಿಂದ ಕುಂಕುಮ, ತುಕ್ಕು ಕೂಡಿದ ಕೆಂಪು ರಾಡಿ ಮೇಜಿನ ಮೇಲೆ ತೊಟ್ಟಿಕ್ಕಿತು.

"ಅಕ್ಕಾರ, ಇದಕ್ಕ ಅಭಿಷೇಕ ಮಾಡೀರೇನ್ರಿ?"

ಠಾಣೆಗೆ ಠಾಣೆಯೇ ನಕ್ಕಿತು. ಸಾಹೇಬರು ನಗಲಿಲ್ಲ. "ಎಂಟು ದಿನದಾಗ ರಿಪೇರಿ ಮಾಡಿಸಿ, ಚಾಲೂ ಐತಿ ಅಂತ ಅಂಗಡಿಯವರ ಚೀಟಿ ತರ್ರಿ. ಇಲ್ಲಾಂದ್ರ ಲೈಸೆನ್ಸ್ ರದ್ದಿಗೆ ಬರೀಬೇಕಾಗ್ತೈತಿ," ಎಂದರು. ಅಪ್ಪನದೆಂದು ಉಳಿದಿದ್ದ ಒಂದೇ ವಸ್ತುವನ್ನು ನನ್ನ ಕೈಯಾರೆ ಹಾಳು ಮಾಡಿದ್ದೆ.

ವಿಜಯಪುರದಲ್ಲಿ ಅಪ್ಪ ಹೋಗುತ್ತಿದ್ದ ಬಂದೂಕಿನ ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿಯ ಮುದುಕರು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗಾಲಿ ಗರಗರ ತಿರುಗಿಸಿ ತೋರಿಸಿದರು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ, "ಜಂಗೇನೋ ಹೋತ್ರಿ. ಆದ್ರ ಇದು ಹಾರೂದಿಲ್ಲ," ಎಂದರು.

"ಯಾಕ್ರಿ?"

"ಗುಂಡಿನ ಬೆನ್ನಿಗೆ ಬಡಿಯೂ ಮೊಳಿನಽ ಇಲ್ಲ. ನಾನಽ ತೇಯ್ದು ತಗದೇನಿ. ನಿಮ್ಮಪ್ಪಾರು ಹೇಳಿ ತಗಿಸಿದ್ರು." ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಮನ್ಯಾಗ ಮಗಳು ಹುಟ್ಟ್ಯಾಳ, ಇನ್ನ ಅಂಬೆಗಾಲು ಇಡತಾಳ, ಕೈಗೆ ಸಿಕ್ರ ಏನ್ ಗತಿ ಅಂತಿದ್ರು. ಪಿಸ್ತೂಲಽ ಮಾರ್ರಿ ಅಂದೆ. ತ್ವಾಟಕ್ಕ ಅಂಜಿಕಿ ಬೇಕು, ಇರ್ಲಿ ಅಂದ್ರು. ಈಗ ಹೊಸಾದು ಕೂಡ್ರಸ್ಲೇನ್ರಿ? ಕೂಡ್ರಿಸಿದ್ರ ಚಾಲೂ ಐತಿ ಅಂತ ಬರದ ಕೊಡ್ತೇನಿ."

ಕೂಡ್ರಿಸಿದರೆ ಪಿಸ್ತೂಲು ನನ್ನದಾಗಿ ಉಳಿಯುತ್ತಿತ್ತು. ಆದರೆ ನನಗೆಂದೇ ಅಪ್ಪ ತೆಗೆಸಿದ್ದ ಮೊಳೆ ಅದು; ಕಣ್ಣು ತುಂಬಿ ಬಂದವು. ಬೇಡವೆಂದು ತಲೆಯಾಡಿಸಿದೆ. ಅವರು ಇದ್ದುದನ್ನು ಇದ್ದಂತೆ ಬರೆದುಕೊಟ್ಟರು. ಮರುದಿನ ಠಾಣೆಯಲ್ಲಿ ಆ ಚೀಟಿಯೊಂದಿಗೆ ಪಿಸ್ತೂಲನ್ನೂ ಲೈಸೆನ್ಸನ್ನೂ ಒಪ್ಪಿಸಿ ಸಹಿ ಹಾಕಿದೆ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಪೀಡೆ ಹೋಯಿತು ಎಂದು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಹಸನು ಮಾಡುತ್ತಿದ್ದ ಜೋಳದ ಮೊರ ಕೆಳಗಿಟ್ಟಳು.

"ನೀ ಸಾಲ್ಯಾಗ ಎರಡನೇತ್ತಿ ಇದ್ದಾಗ ಹೊಳಿ ದಂಡಿಗೆ ಮೋಟರ್ ಕದ್ಯಾಕ ನಾಕ್ ಮಂದಿ ಬಂದಿದ್ರು. ಒಬ್ರಽ ಹೋಗಬ್ಯಾಡ್ರಿ ಅಂತ ಅಂಗಿ ಹಿಡದು ಜಗ್ಗಿದೆ. ಪಿಸ್ತೂಲ್ ಐತಿ, ನೀ ಯಾಕ ಅಂಜತಿ ಅಂತ ನಕ್ಕೋತ ಹೋದ್ರು," ಎಂದಳು. "ನಾನೂ ಖರೆ ಅಂತ ತಿಳಕೊಂಡು ಅಂಗಿ ಬಿಟ್ಟೆನಲ್ಲಽ."