ಗುಪ್ಪೆಯಿಲ್ಲದ ಬಿಲ

ಹೆಗ್ಗಣ ಬಿಲ ತೋಡಿದರೆ ಬಾಯಿಯ ಮುಂದೆ ಸಡಿಲ ಮಣ್ಣಿನ ಗುಪ್ಪೆ ಬಿದ್ದಿರುತ್ತದೆ. ಸೊಲ್ಲಾಪುರದ ವಿಜಾಪುರ ರಸ್ತೆಯ ಒಂದು ಬಾಡಿಗೆ ಕೋಣೆಯಲ್ಲಿ ನಡೆದ ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಇದನ್ನೇ. ಈಗಲೂ ಎಲ್ಲಾದರೂ ಬಿಲ ಕಂಡರೆ ನನ್ನ ಕಣ್ಣು ಗುಪ್ಪೆಯನ್ನು ಹುಡುಕುತ್ತದೆ. ಕಾಣದಿದ್ದರೆ ಅಲ್ಲಿಂದ ಬೇಗ ಬೇಗ ನಡೆದುಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಪ್ರಾಣಿಶಾಸ್ತ್ರದ ಪದವಿ ಮುಗಿಸಿ, ಗುಮಾಸ್ತರಾಗಿದ್ದ ಅಪ್ಪನ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಕೆರೆ ಏರಿ, ಕಾಲುವೆ ದಂಡೆಗಳ ದುರಸ್ತಿಗೆ ಮುಂಚೆ ಅಲ್ಲಿರುವ ಹೆಗ್ಗಣಗಳನ್ನು ಕೊಲ್ಲದೆ ಬೇರೆಡೆಗೆ ಸಾಗಿಸುವುದನ್ನು ಕಲಿಸುತ್ತಾರೆಂದು ಕೇಳಿ ಸೇರಿಕೊಂಡೆ. ಕಲಿಸುತ್ತಿದ್ದವರು ಮರಾಠಿ ಮಾತಿನ ನಿವೃತ್ತ ಕಾಲೇಜು ಮಾಸ್ತರರು. ಪರದೇಶದ ಹೊಳೆದಂಡೆಗಳಲ್ಲಿ ಬದುಕುವ ನೀರಿಲಿಯ ಬಗ್ಗೆ ಅವರ ಬಳಿ ಝೆರಾಕ್ಸ್ ಹಾಳೆಗಳಿದ್ದವು. ದುಂಡು ಮುಖ, ಗಿಡ್ಡ ಕಿವಿ, ಒಳ್ಳೆಯ ಈಜು. ದಂಡೆ ಅಗೆಯುವ ಮೊದಲು ಅಲ್ಲಿಯವರು ಹುಲ್ಲು ಸವರಿ, ಇಲಿ ತಾನಾಗಿ ಎದ್ದು ಹೋಗುವವರೆಗೆ ಕಾಯುತ್ತಾರಂತೆ. ನಮ್ಮಲ್ಲಿ ಆ ಇಲಿ ಇಲ್ಲ. ಅದೇ ಪಾಠವನ್ನು ಮಾಸ್ತರರು ನಮ್ಮ ಹೆಗ್ಗಣಕ್ಕೆ ಹೊಂದಿಸಿದ್ದರು.

ಕೈಕೆಲಸಕ್ಕೆ ಆರಿಸಿದ್ದು ಅಕ್ಕಲಕೋಟದಿಂದ ಮೈಂದರ್ಗಿಗೆ ಹೋಗುವ ದಾರಿಯ ಒಂದು ಸಣ್ಣ ಕೆರೆ. ಮಳೆಗಾಲ ಆಗಷ್ಟೇ ಮುಗಿದು ಕೆರೆ ತುಂಬಿತ್ತು. ಸಂಜೆ ಏರಿಯ ಹೊರಮೈಯಲ್ಲಿದ್ದ ಬಿಲಗಳ ಬಾಯಿಗೆಲ್ಲ ಹಸಿ ಮಣ್ಣು ಮೆತ್ತಿ ಬಂದೆವು. ಬೆಳಿಗ್ಗೆ ಯಾವುದು ತೆರೆದಿರುತ್ತದೋ ಅದರಲ್ಲಿ ಹೆಗ್ಗಣ ಉಂಟು ಎಂಬುದು ಲೆಕ್ಕ. ಅಂಥ ಬಿಲವನ್ನು ಅಗೆಯುವಾಗ ಕೈ ಹಾಕಿ ಗೂಡನ್ನು ತಡವಬೇಕು, ಮರಿಗಳಿದ್ದರೆ ಕೆಲಸ ನಿಲ್ಲಿಸಬೇಕು.

ಮರುದಿನ ಬಿಸಿಲೇರುವ ಹೊತ್ತಿಗೆ ಹೋದಾಗ ಮೆತ್ತಿದ ಮಣ್ಣೆಲ್ಲ ಒಣಗಿ ಗಟ್ಟಿಯಾಗಿತ್ತು. ತೀರ ಕೆಳಗಿನ ಒಂದು ಬಿಲ ಮಾತ್ರ ತೆರೆದಿತ್ತು. ಅದನ್ನು ಕಂಡವನು ನನ್ನ ಜೊತೆ ಕಲಿಯುತ್ತಿದ್ದ ದುಧನಿಯವನು. ನನಗಿಂತ ಸ್ವಲ್ಪ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಿದ್ದ.

“ಸರ್, ಇಲ್ಲೊಬ್ರು ಬಾಗಲಾ ತಗದ ಕುಂತಾರ್ ನೋಡ್ರಿ,” ಎಂದ.

“ಛಾನ್, ಚಲೋ ಆತು. ಹಗೂರಕ ಅಗಿ,” ಎಂದರು ಮಾಸ್ತರರು ಏರಿಯ ಮೇಲಿಂದಲೇ.

ನಾನು ನೀರಿನ ಕಡೆಯ ಇಳಿಜಾರಿನಲ್ಲಿ ಹುಲ್ಲು ಕೊಯ್ಯುತ್ತಿದ್ದೆ. ದಂಡೆಯ ಪಕ್ಕದಲ್ಲೇ ನಾಲ್ಕಾರು ಹುಲ್ಲುಕಡ್ಡಿ ಒಂದೇ ಕಡೆ ಗಿರಗಿರನೆ ಸುತ್ತುತ್ತಿದ್ದವು. ಗಾಳಿ ಇರಲಿಲ್ಲ.

“ಸರ್, ಇಲ್ಲಿ ನೀರ ತಿರಗಾಕತ್ತದ್ರಿ.”

“ಮಾಸೇ ಅಸತೀಲ,” ಎಂದರು, ಮೀನಿರಬೇಕು ಎಂದು.

ಏರಿಯ ಆಚೆಯಿಂದ ದುಧನಿಯವನ ದನಿ ಬಂತು. “ಅಕ್ಕಾ, ಹಿಡದಿಡು. ನಿಮ್ಮ ಮನ್ಯಾಗ ಒಲಿ ಮ್ಯಾಲ ಇಡಂಗಿಲ್ಲ ಅಂದ್ರ ನಮ್ಮನಿಗಿ ಒಯ್ತೀನಿ.”

ನಾನೂ ನಕ್ಕೆ. ಏರಿ ಹತ್ತಿ ಆಚೆ ನೋಡಿದಾಗ ಅವನು ಎದೆಯಾಳದ ಗುಂಡಿ ತೋಡಿ, ಅದರೊಳಗೆ ಮಂಡಿಯೂರಿ, ಚರ್ಮದ ಕೈಗವಸು ತೊಟ್ಟ ಬಲಗೈಯನ್ನು ಭುಜದವರೆಗೆ ಬಿಲದಲ್ಲಿ ಇಳಿಸಿದ್ದ.

“ತಣ್ಣಗ ಅದ್ರಿ ಸರ್. ಒಳಗ ಹಸಿ ಆಗ್ಯಾದ.”

“ಉಚ್ಚಿ ಹೊಯ್ದಿರ್ತದ. ಮರಿ ಅದಾವೇನ ನೋಡು.”

ಅವನು ಒಳಗೆ ಬೆರಳಾಡಿಸಿ ತಡವಿದ. ಆಮೇಲೆ ಬಸ್ಸು ಬಂತು ಎನ್ನುವಷ್ಟೇ ಸಾದಾ ದನಿಯಲ್ಲಿ, “ಸರ್, ನೀರ ಬರಾಕತ್ತದ್ರಿ,” ಎಂದ.

ಅವನ ಕಂಕುಳ ಕೆಳಗಿನಿಂದ ಚಹಾದ ಬಣ್ಣದ ನೀರು ಹೊರಟಿತು. ಅವನು ಕೈ ಎಳೆದುಕೊಳ್ಳುವಷ್ಟರಲ್ಲಿ ಗುಂಡಿಯ ಮೇಲಿನ ಮಣ್ಣು ಒಂದೇ ತುಂಡಾಗಿ ಜಾರಿತು. ಸದ್ದೇ ಆಗಲಿಲ್ಲ. ಅವನ ತಲೆ ಮತ್ತು ಎಡಗೈ ಮಾತ್ರ ಮೇಲಿದ್ದವು.

ಕೆಳಗಿನ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಗಂಡ ಹೆಂಡತಿ ಓಡಿಬಂದರು. ಗಂಡ ಕೈಯಿಂದಲೇ ಮಣ್ಣು ತೋಡಿ, ಕಂಬಳಿಯನ್ನು ಹುರಿಮಾಡಿ ಅವನ ಬೆನ್ನ ಹಿಂದಿನಿಂದ ತೂರಿಸಿದ. ನಾವೆಲ್ಲ ಅದನ್ನು ಹಿಡಿದು ಎಳೆದೆವು. ಹೆಂಡತಿ ಅವನ ಕೆನ್ನೆಗೆ ಅಂಗೈ ಒತ್ತಿ, “ತಮ್ಮಾ, ನನ್ನ ಮಾರಿ ನೋಡು. ಅತ್ತಾಗ ನೋಡಬ್ಯಾಡ,” ಎನ್ನುತ್ತಿದ್ದಳು. ಗಂಡ ತುಟಿಯಲ್ಲೇ ತಮ್ಮ ದೇವರು ಬೀರಪ್ಪನನ್ನು ಕರೆಯುತ್ತಿದ್ದ. ನೀರು ಹುಡುಗನ ಗದ್ದಕ್ಕೆ ಬಂದಾಗ ಮಾಸ್ತರರು ಅಳತೊಡಗಿದರು. ಕೊನೆಯ ಎಳೆತಕ್ಕೆ ಅವನು ಹೊರಬಂದ. ಕೈಗವಸು ಒಳಗೇ ಉಳಿಯಿತು. ನಾವು ಅವನನ್ನು ದಿಬ್ಬಕ್ಕೆ ಹೊತ್ತು ತರುವಷ್ಟರಲ್ಲಿ ಏರಿ ಒಡೆದು, ಹಿಂಗಾರಿ ಜೋಳಕ್ಕೆ ಹದ ಮಾಡಿದ್ದ ಹೊಲಗಳ ಮೇಲೆ ಕೆರೆ ಹರಿದುಹೋಯಿತು.

ಜೀವ ಉಳಿಯಿತು. ಬಲಗೈ ಉಳಿದೂ ಇಲ್ಲದಂತಾಯಿತು. ಬೆರಳುಗಳು ಮತ್ತೆ ಮಡಚಲಿಲ್ಲ. ತರಬೇತಿ ಅಲ್ಲಿಗೇ ನಿಂತಿತು.

ಬೇಸಿಗೆಯಲ್ಲಿ ರೈಲು ಹತ್ತಿ ಅವನನ್ನು ನೋಡಲು ದುಧನಿಗೆ ಹೋದೆ. ಪೇಟೆಯಲ್ಲಿ ಅವನ ತಂದೆಯ ಕಿರಾಣಿ ಅಂಗಡಿ. ಎಡಗೈಯಲ್ಲಿ ಚಹಾ ಕೊಟ್ಟ, ಬಸಿಯಲ್ಲಿ ಸ್ವಲ್ಪ ಚೆಲ್ಲಿತು. ಗಿರಾಕಿಗಳು ಹೋದ ಮೇಲೆ ಕೇಳಿದ.

“ಅಕ್ಕಾ, ನೀ ಮ್ಯಾಲಿಂದ ನೋಡೀದಿ. ಬಿಲದ ಮುಂದ ಗುಪ್ಪಿ ಇತ್ತಲ್ಲ?”

ಗುಪ್ಪೆ ಇರಲಿಲ್ಲ. ಅವನು ಅಗೆದು ಚೆಲ್ಲಿದ ಮಣ್ಣಿನಾಚೆ, ಬಿಲದಿಂದ ಇಳಿದ ಕೆಸರು ನಾಲಿಗೆಯಂತೆ ನುಣ್ಣಗೆ ಚಾಚಿ, ಬಿಸಿಲಿಗೆ ಹೊಳೆಯುತ್ತಿತ್ತು. ನಾವು ಮೆತ್ತಿದ ಮಣ್ಣನ್ನು ಹೆಗ್ಗಣವಲ್ಲ, ಕೆರೆಯಿಂದ ಏರಿಯೊಳಗೆ ಸೋರಿದ ನೀರೇ ನೂಕಿತ್ತು. ಅದನ್ನು ನಾನು ಇವತ್ತಿಗೂ ನೋಡುತ್ತೇನೆ, ಬಾಗಿಲು ಹಾಕಿಕೊಂಡು ಮಲಗಿದಾಗಲೂ.

“ಇತ್ತು,” ಎಂದೆ.

“ಮತ್ತ, ಯಾರಾದ್ರೂ ಕೈ ಹಾಕ್ತಿದ್ರು,” ಎಂದು ಅವನು ಆ ಕೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.