ಎತ್ತಿಲ್ಲದ ಮನೆಗೆ ಬಾರಕೋಲು

ರಾಜೂರಿನ ಗಾಳೆವ್ವ ಗಜೇಂದ್ರಗಡದ ಸಂತೆಯಲ್ಲಿ ಚರ್ಮದ ಬೆಲ್ಟು, ಬಾರಕೋಲು ಹರವಿಕೊಂಡು ಕೂಡುವಾಕೆ. ಬಾರು ಸೀಳುವುದು, ಹೆಣೆಯುವುದು ಎಲ್ಲ ಗಂಡನ ಪಕ್ಕದಲ್ಲಿ ಕೂತು ಕಲಿತದ್ದು. ತಾನೇ ಹೊಲಿದ ಬೆಲ್ಟು ಕುಡಿದು ಬಂದ ಗಂಡನ ಕೈಯಲ್ಲಿ ಹೇಗೆ ಏಳುತ್ತದೆ ಎಂಬುದೂ ಅವಳ ಬೆನ್ನಿಗೆ ಗೊತ್ತಿತ್ತು. ಅವನು ಸತ್ತು ವರ್ಷಗಳಾದರೂ, ಗಿರಾಕಿ ಯಾರೇ ಬರಲಿ, ಕುಡಿದಿದ್ದಾನೋ ಎಂದು ಮೊದಲು ಕಣ್ಣು ನೋಡುವ ಚಾಳಿಯನ್ನು ಅವಳು ಬಿಟ್ಟಿರಲಿಲ್ಲ.

ಮುಶಿಗೇರಿಯ ನಿಂಗಪ್ಪ ಬಾರಕೋಲು ಕೇಳಿದಾಗ ಅವಳ ಕೈ ತಡೆಯಿತು. ಆತ ಎತ್ತು ಮಾರಿ ಟ್ರ್ಯಾಕ್ಟರ್ ತಂದದ್ದು ಸಂತೆಗೆಲ್ಲ ಗೊತ್ತು.

“ಎತ್ತ ಇಲ್ಲ, ಬಾರಕೋಲ ಯಾಕ್ರಿ ಯಪ್ಪಾ?”

“ಮನ್ಯಾಗ ಬೇಕಾಗೇತಿ, ಕೊಡಬೇ.”

ಮನ್ಯಾಗ! ಬಾರಕೋಲು ಕೊಟ್ಟರೂ ಆ ಮಾತು ಗಾಳೆವ್ವನಿಗೆ ಮುಳ್ಳಿನಂತೆ ನಟ್ಟಿತು. ಮುಂದಿನ ಸಂತೆಗೆ ಅವನ ಹೆಂಡತಿ ಸಣ್ಣವ್ವ ಉಳ್ಳಾಗಡ್ಡಿ ಆರಿಸುತ್ತಿದ್ದಾಗ ಸೆರಗು ಸರಿದು, ಮೊಣಕೈ ಮೇಲೆ ಬಾಸುಂಡೆ ಕಂಡಿತು. ಇನ್ನೇನು ಕೇಳುವುದು?

ಸ್ವಲ್ಪ ದಿನಕ್ಕೆ ನಿಂಗಪ್ಪ ಮತ್ತೆ ಬಂದ. “ಬಾರ ಹರದೇತಿ. ಗಟ್ಟಿಮುಟ್ಟ ಇನ್ನೊಂದ ಕೊಡು.”

ಹೊಡೆದು ಹೊಡೆದು ಹರಿದನೇ ಪಾಪಿ! ಗಾಳೆವ್ವ ಅವನನ್ನು ಸಂಜೆ ಬಾ ಎಂದು ಕಳಿಸಿ, ಕೊಳೆತು ಕುಂಬಾದ ಬಾರನ್ನು ಒಳಗಿಟ್ಟು ಹೆಣೆದು, ಮೇಲೆ ಎಣ್ಣೆ ಸವರಿ ಹೊಳಪು ಬರಿಸಿದಳು. ಜೀವಮಾನದಲ್ಲಿ ಮಾಡದ ಕೆಲಸ. ಎರಡೇಟಿಗೆ ತುಂಡಾಗಲಿ, ಆ ಹೆಣ್ಣುಮಗಳ ಜೀವ ಉಳಿಯಲಿ ಎಂದು ಧೈರ್ಯ ತಂದುಕೊಂಡಳು.

ಆದರೆ ಮುಂದಿನ ಸಂತೆಗೆ ಅದರ ತುಂಡು ಹಿಡಿದು ಜಗಳಕ್ಕೆ ಬಂದದ್ದು ಸಣ್ಣವ್ವನೇ.

“ಎಂಥಾದ್ದ ಕೊಟ್ಟೀಯವ್ವಾ? ಗುಡ್ಡದ ಮಂಗ್ಯಾಗೋಳು ಗೋವಿನಜ್ವಾಳಕ್ಕ ಇಳದಿದ್ದವು. ಬೀಸಿದ ಕೂಡ್ಲೆ ಹರೀತು. ಹಲ್ಲ ಕಿಸ್ಕೊಂತ ನನ್ನ ಮೈಮ್ಯಾಲೇ ಬಂದವು!”

“ನೀ ಬೀಸ್ತೀಯೇನು? ಹಂಗಾರ ಆ ಬಾಸುಂಡಿ? ಯಾರ ಹೊಡದಾರ, ಖರೇ ಹೇಳು.”

“ಯಾರ ಹೊಡೀತಾರಬೇ? ತುದಿ ಹೊಳ್ಳಿ ನನಗ ಬಡೀತೈತಿ.”

ಗಾಳೆವ್ವ ನಂಬಲಿಲ್ಲ. ಗಂಡ ಹೊಡೆದಾಗಲೆಲ್ಲ ಬಾಗಿಲು ಬಡಿಯಿತು, ಜಾರಿ ಬಿದ್ದೆ ಎಂದು ಊರಿಗೆಲ್ಲ ಹೇಳಿದವಳು ತಾನೂ. ಹೊಸ ಬಾರಕೋಲನ್ನು ಮುಂದೆ ಚಾಚಿದಳು. “ಬೀಸು, ನೋಡೂಣು.”

ಸಣ್ಣವ್ವ ಜಾಗ ಬಿಡಿಸಿಕೊಂಡು ಬೀಸಿದಳು. ಮದ್ದು ಸಿಡಿದಂತೆ ಸಪ್ಪಳವಾಗಿ, ಕಾಯಿಪಲ್ಲೆಯವರು ಬೆಚ್ಚಿ ಎದ್ದರು. ಮರುಗಳಿಗೆ ತುದಿ ತಿರುಗಿ ಬಂದು ಅದೇ ಮೊಣಕೈಗೆ ಚುರ್ ಎನಿಸಿತು. ನಿಂಗಪ್ಪನಂಥ ಗಂಡಸಿನ ಎತ್ತರಕ್ಕೆ ಹೆಣೆದದ್ದು. ಇವಳೋ ಅವನ ಎದೆಮಟ್ಟಕ್ಕೂ ಬಾರದ ಗಿಡ್ಡಿ.

ಗಾಳೆವ್ವನ ಮುಖ ಸಣ್ಣದಾಯಿತು. “ಕುಂಬಾಗಿದ್ದ ಬಾರ ನಾನs ಹಾಕಿದ್ದೆ, ತಂಗಿ. ನಿನ್ನ ಗಂಡನ ಮ್ಯಾಲೆ ಸಂಶೆ ಬಂದಿತ್ತು.”

ಸಣ್ಣವ್ವ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ನಿಂತಳು. “ಬೈತಾರಬೇ, ಭಾಳ ಬೈತಾರ. ಕೈ ಮಾತ್ರ ಎತ್ತಿಲ್ಲ.”

ಗಾಳೆವ್ವ ಅವಳ ಭುಜದಿಂದ ಮುಂಗೈತನಕ ಅಳತೆ ಹಿಡಿದು, ಬಾರಿನ ತುದಿಯಲ್ಲಿ ಗೇಣುದ್ದ ಕತ್ತರಿಸಿ ತೆಗೆದು, ಹೊಸ ಗಂಟು ಬಿಗಿದಳು. ಅಳೆಯುವ ನೆವದಲ್ಲಿ ಇನ್ನೊಂದು ತೋಳಿನ ಕುಪ್ಪಸವನ್ನೂ ಮೇಲೆ ಸರಿಸಿ ನೋಡಿದಳು. ಅಲ್ಲಿ ಬಿಗಿ ತೋಳಿನ ಅಂಚಿನ ಗುರುತು ಬಿಟ್ಟರೆ ಏನೂ ಇರಲಿಲ್ಲ.